ಒದ್ದೆ ಕೈಗೆ ಒಗ್ಗುವ ಜಿಪಿಎಸ್: ಕಡಲಿಗೂ ಕಾಡಿಗೂ ಒಂದನ್ನು ಆರಿಸುವುದು ಹೇಗೆ?

ನನ್ನ ಮೊದಲ ಜಿಪಿಎಸ್ ಈಗಲೂ ಗಂಗೊಳ್ಳಿಯ ಪಡುವಲಿಗೆ, ಸಮುದ್ರದ ತಳದಲ್ಲಿ ಎಲ್ಲೋ ಮಲಗಿದೆ. ಅದು ಬಿದ್ದ ಜಾಗ ಅದೊಂದಕ್ಕೇ ಸರಿಯಾಗಿ ಗೊತ್ತಿತ್ತು. ಕೊಳ್ಳುವಾಗ ಅಂಗಡಿಯವರು ‘ವಾಟರ್‌ಪ್ರೂಫ್’ ಅಂದಿದ್ದರು. ಸುಳ್ಳೇನಲ್ಲ. ಆದರೆ ವಾಟರ್‌ಪ್ರೂಫ್ ಅಂದರೆ ತೇಲುತ್ತದೆ ಅಂತ ಅಲ್ವಲ್ಲ! ಬಲೆ ಎಳೆಯುವಾಗ ಜೇಬಿನಿಂದ ಜಾರಿತು, ಡುಬುಕ್ ಅಂತ ಒಂದು ಸದ್ದು, ಅಷ್ಟೆ.

ಆಮೇಲೆ ಇನ್ನೆರಡು ಕೊಂಡೆ. ಈಗ ಯಾರಾದರೂ ‘ಯಾವ ಜಿಪಿಎಸ್ ತಗೊಳ್ಳಲಿ?’ ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಅದನ್ನು ಹಿಡಿಯುವಾಗ ನಿಮ್ಮ ಕೈ ಒದ್ದೆ ಇರುತ್ತದೋ, ಒಣಗಿರುತ್ತದೋ? ಡಬ್ಬಿಯ ಮೇಲೆ ಬರೆದಿರುವ ‘ಇಷ್ಟು ಮೀಟರ್ ನಿಖರ’ ಅನ್ನುವುದಕ್ಕಿಂತ ಈ ಪ್ರಶ್ನೆ ದೊಡ್ಡದು.

ಮೊದಲು, ನಿಮಗೆ ನಿಜವಾಗಿ ಬೇಕಾ?

ವರ್ಷಕ್ಕೆ ಎರಡು ಸಲ ಕುಮಾರಪರ್ವತವೋ ಕುದುರೆಮುಖವೋ ಹತ್ತುವವರಿಗೆ ಬೇಡ. ದುಡ್ಡು ಉಳಿಸಿ. ನಿಮ್ಮ ಮೊಬೈಲಿನಲ್ಲೇ ಜಿಪಿಎಸ್ ಇದೆ. ಸಿಗ್ನಲ್ ಇಲ್ಲದ ಕಡೆಯೂ ಅದು ನಡೆಯುತ್ತದೆ, ಯಾಕೆಂದರೆ ಜಿಪಿಎಸ್‌ಗೆ ಟವರ್ ಬೇಕಿಲ್ಲ, ಆಕಾಶ ಬೇಕು. ಮನೆಯಲ್ಲೇ ಆ ಜಾಗದ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ಪವರ್ ಬ್ಯಾಂಕ್ ಇಟ್ಟುಕೊಂಡರೆ ಸಾಕು.

ಮೊಬೈಲ್ ಸೋಲುವುದು ಮೂರು ಕಡೆ. ಕೈ ಒದ್ದೆಯಾದರೆ ಟಚ್ ಸ್ಕ್ರೀನ್ ಮಾತು ಕೇಳುವುದಿಲ್ಲ. ಒಂದು ಹನಿ ಮಳೆ ಬಿದ್ದರೆ ಅದೂ ಬೆರಳೇ ಅಂದುಕೊಂಡು ಏನೇನೋ ಒತ್ತಿಬಿಡುತ್ತದೆ. ಎರಡನೆಯದು ಬಿಸಿಲು. ಏಪ್ರಿಲ್ ತಿಂಗಳ ಮಧ್ಯಾಹ್ನ ದೋಣಿಯಲ್ಲಿಟ್ಟ ಫೋನು ಬಿಸಿಯಾಗಿ ತಾನೇ ಆಫ್ ಆಗುತ್ತದೆ, ಆನ್ ಇದ್ದರೂ ಸ್ಕ್ರೀನ್ ಕಾಣುವುದಿಲ್ಲ. ಮೂರನೆಯದು ಬ್ಯಾಟರಿ. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ನಾಡದೋಣಿಯಲ್ಲಿ ದಡ ಕಾಣದಷ್ಟು ದೂರ ಹೋಗುವವರು, ತಿಂಗಳಿಗೊಮ್ಮೆಯಾದರೂ ಘಟ್ಟದ ಕಾಡಿಗೆ ಇಳಿಯುವವರು ಮುಂದೆ ಓದಿ. ದೊಡ್ಡ ಟ್ರಾಲ್ ಬೋಟಿನವರಿಗೆ ಹೇಗೂ ವೀಲ್‌ಹೌಸಿನಲ್ಲಿ ದೊಡ್ಡ ಪರದೆಯ ಯಂತ್ರ ಇರುತ್ತದೆ. ಬೋಟಿನ ಕರೆಂಟು ಕೈಕೊಟ್ಟ ದಿನಕ್ಕೆ ಅಂತ ಅವರಿಗೂ ಕೈಯಲ್ಲಿ ಹಿಡಿಯುವ ಒಂದು ಇದ್ದರೆ ಒಳ್ಳೆಯದು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಜಿಪಿಎಸ್ ಮೀನು ತೋರಿಸುವುದಿಲ್ಲ, ನೀರಿನ ಆಳ ಅಳೆಯುವುದಿಲ್ಲ. ಅದು ಸೋನಾರಿನ ಕೆಲಸ, ಬೇರೆ ಯಂತ್ರ. ಇದು ಹೇಳುವುದು ‘ನೀನು ಎಲ್ಲಿದ್ದೀ’ ಅಂತ ಮಾತ್ರ.

ಒತ್ತುವ ಗುಂಡಿ, ತೇಲುವ ಮೈ

ಕಡಲಿಗಾದರೆ ಗುಂಡಿ ಇರುವುದನ್ನೇ ತಗೊಳ್ಳಿ. ಟಚ್ ಬೇಡ. ಅಂಗಡಿಯಲ್ಲಿ ಒಣ ಕೈಯಲ್ಲಿ ಟಚ್ ಚೆಂದ ಕಾಣುತ್ತದೆ. ಕೈಗೆ ಬೂತಾಯಿ ಮೀನಿನ ಎಣ್ಣೆ ಮೆತ್ತಿಕೊಂಡಾಗ ಅದರ ಚೆಂದ ಗೊತ್ತಾಗುತ್ತದೆ. ಒಂದೇ ಕೈಯಲ್ಲಿ ಹಿಡಿದು, ಅದೇ ಕೈಯ ಹೆಬ್ಬೆರಳಲ್ಲಿ ‘ಮಾರ್ಕ್’, ಅಂದರೆ ನಿಂತ ಜಾಗವನ್ನು ‘ಪಾಯಿಂಟ್’ ಆಗಿ ಗುರುತಿಸಿಡುವ ಗುಂಡಿ, ಒತ್ತಲು ಬರಬೇಕು. ಇನ್ನೊಂದು ಕೈ ದೋಣಿಯ ಅಂಚು ಹಿಡಿದಿರುತ್ತದೆ, ಅಲ್ವಾ?

ಡಬ್ಬಿಯ ಮೇಲೆ ‘ಐಪಿಎಕ್ಸ್7’ ಅಂತ ಇರುತ್ತದೆ. ಅದರರ್ಥ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪುನೀರು ಬೇರೆ ಜಾತಿ. ಅದು ನಿಧಾನಕ್ಕೆ ತಿನ್ನುತ್ತದೆ. ಮತ್ತೆ ಹೇಳುತ್ತೇನೆ, ಐಪಿಎಕ್ಸ್7 ಇದ್ದ ಮಾತ್ರಕ್ಕೆ ತೇಲುವುದಿಲ್ಲ. ತೇಲುವಂತೆಯೇ ಮಾಡಿದ ಮಾಡೆಲ್‌ಗಳು ಬೇರೆ ಇವೆ. ಗಾರ್ಮಿನ್‌ನಲ್ಲಿ ಹಳೆಯ ಜಿಪಿಎಸ್ 72ಎಚ್, ಜಿಪಿಎಸ್‌ಮ್ಯಾಪ್ 78, ಈಚಿನ ಜಿಪಿಎಸ್‌ಮ್ಯಾಪ್ 79ಎಸ್ ಇವೆಲ್ಲ ತೇಲುತ್ತವೆ. ಅದೇ ಕಂಪನಿಯ ಇಟ್ರೆಕ್ಸ್ ಸಾಲಿನವು ಚಿಕ್ಕವು, ಗಟ್ಟಿ, ಆದರೆ ಕಲ್ಲಿನಂತೆ ಮುಳುಗುತ್ತವೆ. ಇಟ್ರೆಕ್ಸ್ ಇದ್ದವರು ಕುತ್ತಿಗೆಗೆ ದಾರ ಹಾಕಿಕೊಳ್ಳಬೇಡಿ, ಬಲೆಗೆ ಸಿಕ್ಕಿಕೊಂಡರೆ ಅಪಾಯ. ಲೈಫ್ ಜಾಕೆಟ್ಟಿಗೆ ಗಟ್ಟಿ ಹುರಿಯಲ್ಲಿ ಕಟ್ಟಿ, ಮೇಲೊಂದು ಬಲೆಯ ತೇಲುಬೆಂಡಿನ ತುಂಡು ಸಿಕ್ಕಿಸಿ. ನಾನು ಈಗ ಮಾಡುವುದು ಅದನ್ನೇ.

ಕಡಲಿಗೆ ಮಾಡಿದ ಮಾಡೆಲ್‌ಗಳಲ್ಲಿ ಇನ್ನೊಂದು ಸೌಲಭ್ಯ ಇದೆ. ಯಾರಾದರೂ ನೀರಿಗೆ ಬಿದ್ದರೆ ಒಂದು ಗುಂಡಿಯನ್ನು ಒತ್ತಿ ಹಿಡಿಯಬೇಕು. ಆ ಜಾಗ ದಾಖಲಾಗಿ, ಅಲ್ಲಿಗೆ ತಿರುಗಿ ಹೋಗುವ ದಾರಿ ಆಗಲೇ ತೋರಿಸಲು ಶುರು ಮಾಡುತ್ತದೆ. ಯಾವ ಗುಂಡಿ ಅಂತ ದೋಣಿಯ ಎಲ್ಲರಿಗೂ ತೋರಿಸಿಕೊಟ್ಟಿರಿ. ನೀರಿಗೆ ಬೀಳುವವನು ದೋಣಿ ನಡೆಸುವ ತಾಂಡೇಲನೇ ಆಗಿರಬಹುದು.

ಎಲ್ಲಿಂದಲೋ ಬರುವ ಸಣ್ಣ ದನಿ

ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಮೇಲೆ. ಅಲ್ಲಿಂದ ಬರುವ ಸಿಗ್ನಲ್ ಬಹಳ ಮೆಲ್ಲನೆಯದು. ಜಾಗ ಹೇಳಲು ಯಂತ್ರಕ್ಕೆ ಕಡಿಮೆ ಅಂದರೆ ನಾಲ್ಕು ಉಪಗ್ರಹಗಳ ದನಿ ಕೇಳಬೇಕು. 2000ದ ಮೇ ತನಕ ಅಮೆರಿಕದ ಸೈನ್ಯ ಸಾಮಾನ್ಯ ಜನರ ಸಿಗ್ನಲ್‌ಗೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಆಗ ನೂರು ಮೀಟರ್ ಆಚೀಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಬಯಲಿನಲ್ಲಿ ಐದಾರು ಮೀಟರಿನೊಳಗೆ ಬರುವುದು ಸಾಮಾನ್ಯ.

ಕಡಲಿನಲ್ಲಿ ತಲೆಯ ಮೇಲೆ ಪೂರಾ ಆಕಾಶ. ಬಲೆಯೇ ನೂರಾರು ಮೀಟರ್ ಉದ್ದ ಇರುವಾಗ ಎರಡು ಮೀಟರ್ ಹೆಚ್ಚು ನಿಖರತೆಗೆ ಅಂತ ದುಪ್ಪಟ್ಟು ದುಡ್ಡು ಕೊಡುವುದು ಸುಮ್ನೆ ದಂಡ. ಫೈಬರ್ ಮಾಡಿನ ಕೆಳಗೂ ಸಿಗ್ನಲ್ ಬರುತ್ತದೆ, ಕಬ್ಬಿಣದ ತಗಡಿನ ಕೆಳಗೆ ಬರುವುದಿಲ್ಲ.

ಕಾಡಿನ ಕತೆ ಬೇರೆ. ಆಗುಂಬೆಯ ಕಡೆಯ ಮಳೆಕಾಡಿನಲ್ಲಿ ಒದ್ದೆ ಎಲೆಗಳು ಸಿಗ್ನಲ್ ಕುಡಿದುಬಿಡುತ್ತವೆ. ಕಣಿವೆಯ ಬಂಡೆಗೆ ಬಡಿದು ತಿರುಗಿ ಬಂದ ಸಿಗ್ನಲ್ ಯಂತ್ರವನ್ನು ಮೋಸ ಮಾಡುತ್ತದೆ. ನೀವು ನಿಂತಲ್ಲೇ ನಿಂತಿದ್ದರೂ ಪರದೆಯಲ್ಲಿ ಅತ್ತಿತ್ತ ಓಡಾಡುತ್ತಿರುತ್ತೀರಿ. ಇಲ್ಲಿ ‘ಮಲ್ಟಿ ಬ್ಯಾಂಡ್’ ಯಂತ್ರಕ್ಕೆ ಕೊಟ್ಟ ದುಡ್ಡು ವಸೂಲಿ. ಎರಡು ಬೇರೆ ಬೇರೆ ತರಂಗಗಳಲ್ಲಿ ಕೇಳುವುದರಿಂದ ಮೋಸ ಪತ್ತೆ ಹಚ್ಚುವುದು ಅದಕ್ಕೆ ಸುಲಭ. ಗಾರ್ಮಿನ್ ಜಿಪಿಎಸ್‌ಮ್ಯಾಪ್ 65 ಮತ್ತು 67 ಇಂಥವು.

‘ನಮ್ಮ ನಾವಿಕ್ ಇದೆಯಾ?’ ಅಂತ ಕೇಳುವವರು ಜಾಸ್ತಿ. ಜಿಪಿಎಸ್‌ನಂತೆಯೇ ಜಾಗ ಹೇಳುವ ನಮ್ಮ ದೇಶದ ಉಪಗ್ರಹಗಳ ವ್ಯವಸ್ಥೆ ಅದು. ಇಸ್ರೋದ ಈ ನಾವಿಕ್ ಮೊದಲು ಎಲ್5 ಮತ್ತು ಎಸ್ ಅನ್ನುವ ತರಂಗಗಳಲ್ಲಿ ಮಾತ್ರ ಮಾತಾಡುತ್ತಿತ್ತು. ಅಗ್ಗದ ಯಂತ್ರಗಳು ಕೇಳುವುದು ಎಲ್1 ಮಾತ್ರ. 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01ರಿಂದ ನಾವಿಕ್‌ಗೆ ಎಲ್1 ಕೂಡ ಸೇರಿತು. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. ಅದಕ್ಕಿಂತ ಒಂದು ಪುಕ್ಕಟೆ ಲಾಭ ಇದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ನಡೆಸುವ ‘ಗಗನ್’ ಜಿಪಿಎಸ್‌ನ ತಪ್ಪನ್ನು ತಿದ್ದಿ ಕಳಿಸುತ್ತದೆ. ಸೆಟ್ಟಿಂಗಿನಲ್ಲಿ ‘ವಾಸ್’ ಅಥವಾ ‘ಎಸ್‌ಬಿಎಎಸ್’ ಅಂತ ಇರುವುದನ್ನು ಆನ್ ಮಾಡಿ. ಹೆಸರು ಅಮೆರಿಕದ್ದು, ಇಲ್ಲಿ ಸಿಗುವುದು ಗಗನ್.

ಸೆಲ್ ಯಾವುದು?

ನನ್ನ ಓಟು ಎರಡು ಎಎ ಸೆಲ್ ಹಾಕುವ ಯಂತ್ರಕ್ಕೆ. ಇಟ್ರೆಕ್ಸ್ 22ಎಕ್ಸ್‌ಗೆ ಕಂಪನಿ ಹೇಳುವುದು 25 ಗಂಟೆ. ಪರದೆಯ ಬೆಳಕು ಜಾಸ್ತಿ ಇಟ್ಟರೆ ಅಷ್ಟು ಬರುವುದಿಲ್ಲ. ಇಟ್ರೆಕ್ಸ್ ಎಸ್‌ಇ ಅನ್ನುವುದು ಅದೇ ಎರಡು ಸೆಲ್ಲಿನಲ್ಲಿ 168 ಗಂಟೆ ಅನ್ನುತ್ತದೆ, ಆದರೆ ಅದರ ಪರದೆಯಲ್ಲಿ ಮ್ಯಾಪ್ ಇಲ್ಲ. ಪಾಯಿಂಟ್ ಹಿಡಿದು ಹೋಗಿ ಬರುವವರಿಗೆ ಮ್ಯಾಪ್ ಬೇಕಾಗಿಯೂ ಇಲ್ಲ. ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿಯವು, ಉದಾಹರಣೆಗೆ ಜಿಪಿಎಸ್‌ಮ್ಯಾಪ್ 67, ಹೆಚ್ಚು ದಿನ ಬರುತ್ತವೆ, ನಿಜ. ಆದರೆ ಖಾಲಿಯಾದರೆ ಚಾರ್ಜಿಗೆ ಕೇಬಲ್ ಬೇಕು, ಕೇಬಲ್ ಚುಚ್ಚುವ ಬಾಯಿಗೆ ಉಪ್ಪುನೀರು ತಾಗಬಾರದು. ಎಎ ಸೆಲ್ ಯಾವ ಗೂಡಂಗಡಿಯಲ್ಲೂ ಸಿಗುತ್ತದೆ.

ರೀಚಾರ್ಜ್ ಆಗುವ ಸೆಲ್ ಹಾಕುವುದಾದರೆ ಸೆಟ್ಟಿಂಗಿನಲ್ಲಿ ಸೆಲ್ಲಿನ ಜಾತಿ ಬದಲಿಸಿ. ಅದು 1.2 ವೋಲ್ಟಿನದು, ಸಾದಾ ಸೆಲ್ 1.5 ವೋಲ್ಟಿನದು. ಬದಲಿಸದಿದ್ದರೆ ತುಂಬಿದ ಸೆಲ್ಲನ್ನೂ ‘ಖಾಲಿ’ ಅಂತ ತೋರಿಸಿ ಹೆದರಿಸುತ್ತದೆ.

ದಿಕ್ಸೂಚಿ ಇದೆಯಾ ಅಂತ ಕೇಳಿ

ಇದು ತುಂಬಾ ಜನ ಗಮನಿಸದ ವಿಷಯ. ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಬಾಣದ ಗುರುತು ಇರುತ್ತದೆ, ಆದರೆ ಒಳಗೆ ದಿಕ್ಸೂಚಿ ಇರುವುದಿಲ್ಲ. ನೀವು ನಡೆಯುತ್ತಿದ್ದರೆ ಮಾತ್ರ ಆ ಬಾಣ ಸರಿ. ಇಂಜಿನ್ ನಿಲ್ಲಿಸಿ ಬಲೆ ಬಿಟ್ಟು ದೋಣಿ ತೇಲುತ್ತಿರುವಾಗ ಬಾಣ ಎತ್ತಲೋ ತಿರುಗಿ ನಿಂತಿರುತ್ತದೆ. ಅದನ್ನು ನಂಬಿ ಕತ್ತಲಲ್ಲಿ ಹೊರಟವರು ಸ್ವಲ್ಪ ಹೊತ್ತು ಪಡುವಣಕ್ಕೇ ಓಡಿದ್ದುಂಟು. ಇಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್ ನೋಡಲು ಅಣ್ಣ ತಮ್ಮ. 32ಎಕ್ಸ್‌ನಲ್ಲಿ ದಿಕ್ಸೂಚಿ ಮತ್ತು ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಸೆನ್ಸರ್ ಇದೆ, 22ಎಕ್ಸ್‌ನಲ್ಲಿ ಎರಡೂ ಇಲ್ಲ. ಬೆಟ್ಟ ಹತ್ತುವವರಿಗೆ, ಬಲೆ ಬಿಟ್ಟು ತೇಲುವವರಿಗೆ ಆ ವ್ಯತ್ಯಾಸದ ದುಡ್ಡು ಕೊಡುವುದು ಸರಿ. ಸೆಲ್ ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನು ಮತ್ತೆ ಹೊಂದಿಸಿ, ಇಂಜಿನ್ ಮತ್ತು ಮೊಬೈಲಿನಿಂದ ದೂರ ಹಿಡಿದು.

ಅಂಕಿ ಬರೆಯುವುದರಲ್ಲೇ ಇದೆ ಎಲ್ಲ

ಒಳ್ಳೆಯ ಯಂತ್ರ ಕೊಂಡು ದಾರಿ ತಪ್ಪುವುದು ಇಲ್ಲಿ. ಒಂದೇ ಜಾಗವನ್ನು ಮೂರು ರೀತಿ ಬರೆಯಬಹುದು. ಬರೀ ಡಿಗ್ರಿಯಲ್ಲಿ, ಡಿಗ್ರಿ ಮತ್ತು ಮಿನಿಟಿನಲ್ಲಿ, ಡಿಗ್ರಿ ಮಿನಿಟ್ ಸೆಕೆಂಡಿನಲ್ಲಿ. ಮಲ್ಪೆ ಬಂದರು ಹೆಚ್ಚುಕಡಿಮೆ 13.35 ಡಿಗ್ರಿ ಉತ್ತರದಲ್ಲಿದೆ. ಮಿನಿಟಿನಲ್ಲಿ ಬರೆದರೆ ಅದು 13 ಡಿಗ್ರಿ 21 ಮಿನಿಟ್, ಯಾಕೆಂದರೆ ಒಂದು ಡಿಗ್ರಿಗೆ 60 ಮಿನಿಟ್. ಯಾರೋ ವಾಟ್ಸಾಪಿನಲ್ಲಿ 13.35 ಅಂತ ಕಳಿಸಿದ್ದನ್ನು ನೀವು ‘13 ಡಿಗ್ರಿ 35 ಮಿನಿಟ್’ ಅಂತ ಹಾಕಿದಿರಿ ಅನ್ನಿ. 14 ಮಿನಿಟ್ ತಪ್ಪಿತು. ಉತ್ತರ-ದಕ್ಷಿಣಕ್ಕೆ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ. ಅಲ್ಲಿಗೆ ಸುಮಾರು 26 ಕಿ.ಮೀ. ತಪ್ಪು! ಮಲ್ಪೆಗೆ ಬರಬೇಕಾದವರು ಕುಂದಾಪುರದ ಹತ್ತಿರ ಇರುತ್ತೀರಿ. ಡೀಸೆಲ್ ಲೆಕ್ಕ ನೀವೇ ಹಾಕಿ.

ಸಣ್ಣ ತಪ್ಪೂ ಬಲೆ ಹರಿಯುತ್ತದೆ. 21.50 ಮಿನಿಟನ್ನು 21 ಮಿನಿಟ್ 50 ಸೆಕೆಂಡ್ ಅಂತ ಓದಿದರೆ 600 ಮೀಟರಿಗೂ ಜಾಸ್ತಿ ಆಚೆ ಹೋಗುತ್ತದೆ. ಅಡಿಯ ಕಲ್ಲು ತಪ್ಪಿಸಲು ಹಾಕಿದ ಗುರುತು ಆಗ ನಿಮ್ಮನ್ನು ಕಲ್ಲಿನ ಮೇಲೇ ತಂದು ನಿಲ್ಲಿಸಬಹುದು.

ಆದ್ದರಿಂದ ಹೊಸ ಯಂತ್ರ ತಂದ ದಿನವೇ ಡಿಗ್ರಿ ಮತ್ತು ಮಿನಿಟ್ ರೀತಿಗೆ ಇಡಿ. ಬೋಟಿನ ಯಂತ್ರ, ನಿಮ್ಮ ಕೈಯಲ್ಲಿರುವುದು, ಜೊತೆಗಾರರದ್ದು, ಎಲ್ಲವೂ ಒಂದೇ ರೀತಿ ಇರಲಿ. ‘ಡೇಟಮ್’ (ಭೂಮಿಯ ಆಕಾರವನ್ನು ಯಾವ ಲೆಕ್ಕದಲ್ಲಿ ಹಿಡಿಯಬೇಕು ಅನ್ನುವುದು) ಅಂತ ಇರುವಲ್ಲಿ ಡಬ್ಲ್ಯುಜಿಎಸ್ 84 ಇರಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋ ಶೀಟುಗಳು (ಗುಡ್ಡ ಕಣಿವೆ ತೋರಿಸುವ ಕಾಗದದ ನಕಾಶೆಗಳು) ‘ಎವರೆಸ್ಟ್’ ಅನ್ನುವ ಬೇರೆ ಡೇಟಮ್ಮಿನ ಲೆಕ್ಕದವು, ಅದರಿಂದ ನೇರ ಅಂಕಿ ತೆಗೆದು ಹಾಕಿದರೆ ನೂರಾರು ಮೀಟರ್ ಜಾರುತ್ತದೆ. ಚಾರಣಿಗರು ಇದನ್ನು ನೆನಪಿಡಿ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನು ಕನ್ನಡದಲ್ಲೂ ಕೊಡುತ್ತದೆ. ಅದರಲ್ಲಿ ಬಂದರಿನ ಹೆಸರು, ದಿಕ್ಕು, ದೂರ, ಆಳ, ಅಕ್ಷಾಂಶ ರೇಖಾಂಶ ಎಲ್ಲ ಇರುತ್ತದೆ. ಅದರಲ್ಲಿ ದೂರ ಕಿ.ಮೀ.ನಲ್ಲಿ, ಆಳ ಮೀಟರಿನಲ್ಲಿ ಇರುತ್ತದೆ. ನಾವು ಮಾತಾಡುವುದು ನಾಟಿಕಲ್ ಮೈಲಿನಲ್ಲಿ, ಮಾರಿನಲ್ಲಿ. ಒಂದು ಮಾರು ಅಂದರೆ ಸುಮಾರು ಆರು ಅಡಿ. ಕಲಸಿಕೊಳ್ಳಬೇಡಿ.

ಹಿಂದಿನವರು ದಡದ ಎರಡು ಜೊತೆ ಗುರುತು ಹಿಡಿಯುತ್ತಿದ್ದರು. ಒಂದು ತೆಂಗಿನ ತೋಪಿನ ಹಿಂದೆ ಒಂದು ಗುಡ್ಡ, ಇನ್ನೊಂದು ಕಡೆ ಕಾಪುವಿನ ದೀಪಸ್ತಂಭ ಯಾವುದೋ ಗೋಪುರದ ನೇರಕ್ಕೆ. ಎರಡು ಗೆರೆ ಕೂಡಿದ ಕಡೆ ಕಲ್ಲು, ಕಲ್ಲಿನಲ್ಲಿ ಮುರು ಮೀನು. ಈಗ ಅದೇ ಗುಟ್ಟು ‘ಪಾಯಿಂಟ್’ ಆಗಿ ಯಂತ್ರದೊಳಗೆ ಕೂತಿದೆ. ಯಂತ್ರ ರಿಪೇರಿಗೆ ಕೊಡುವಾಗ, ಮಾರುವಾಗ ಪಾಯಿಂಟ್‌ಗಳನ್ನು ಅಳಿಸದೆ ಕೊಟ್ಟೀರಿ, ಜೋಕೆ. ಆದರೆ ಅದಕ್ಕೆ ಮೊದಲು ಒಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಿಡಿ. ಯಂತ್ರ ತಾನೇ ಕೊಡುವ 001, 002 ಅನ್ನುವ ಹೆಸರು ಬಿಡಬೇಡಿ. ಆರು ತಿಂಗಳ ನಂತರ ಯಾವುದು ಕಲ್ಲು, ಯಾವುದು ಮೀನು ಅಂತ ನಿಮಗೇ ತಿಳಿಯುವುದಿಲ್ಲ.

ಲಿಂಗನಮಕ್ಕಿಯಂಥ ಹಿನ್ನೀರಿನಲ್ಲಿ ಗಾಳ ಹಾಕುವವರಿಗೆ ಒಂದು ಸೇರಿಸುತ್ತೇನೆ. ಅಲ್ಲಿ ಮುಳುಗಿದ ಮರದ ಬೊಡ್ಡೆಗಳೇ ಮೀನಿನ ಮನೆ, ದೋಣಿಗೆ ಅವೇ ಯಮ. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ತುಂಬಿದಾಗ ಆಳದಲ್ಲಿದ್ದ ಬೊಡ್ಡೆ ಬೇಸಿಗೆಯಲ್ಲಿ ನೀರಿನ ಗೇಣು ಕೆಳಗೆ ಇರುತ್ತದೆ. ಹಾಗಾಗಿ ಪಾಯಿಂಟಿನ ಜೊತೆ ಆ ದಿನದ ತಾರೀಕು ಮತ್ತು ನೀರಿನ ಮಟ್ಟವನ್ನೂ ಬರೆಯಿರಿ.

ಮ್ಯಾಪ್‌ಗೆ ದುಡ್ಡು ಹಾಕಬೇಕಾ?

ಕಾಡಿಗೆ ಬೇಡ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಪುಕ್ಕಟೆ ಮ್ಯಾಪ್‌ಗಳು ಮೆಮೊರಿ ಕಾರ್ಡಿಗೆ ಹಾಕಿದರೆ ನಡೆಯುತ್ತವೆ. ಕಾರ್ಡ್ ಹಾಕುವ ಜಾಗ ಯಂತ್ರದಲ್ಲಿದೆಯಾ ಅಂತ ಮಾತ್ರ ನೋಡಿ. ಇಟ್ರೆಕ್ಸ್ 10ರಲ್ಲಿ ಇಲ್ಲ, 22ಎಕ್ಸ್‌ನಲ್ಲಿ ಇದೆ. ಕಡಲಿನ ಚಾರ್ಟ್ ಬೇರೆಯೇ ಕೊಳ್ಳಬೇಕು, ಅಗ್ಗವೇನಲ್ಲ. ದಿನವೂ ಅದೇ ನೀರಿಗೆ ಹೋಗುವವರಿಗೆ ನಿಮ್ಮದೇ ಪಾಯಿಂಟುಗಳು ಸಾಕು.

ನೆಂಟರು ಹೊರದೇಶದಿಂದ ತರುತ್ತೇನೆ ಅಂದರೆ

ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರ ಬೇಡ. ಗಾರ್ಮಿನ್‌ನ ‘ಇನ್‌ರೀಚ್’ ಇರುವವು, ಅಂದರೆ ಜಿಪಿಎಸ್‌ಮ್ಯಾಪ್ 66ಐ, 67ಐ, 86ಐ ಹೀಗೆ ಕೊನೆಗೆ ‘ಐ’ ಬರುವವು ಇರಿಡಿಯಂ ಉಪಗ್ರಹದ ಜೊತೆ ಮಾತಾಡುತ್ತವೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇದನ್ನು ಇಟ್ಟುಕೊಳ್ಳುವುದು ಅಪರಾಧ. ಗೋವಾ ವಿಮಾನ ನಿಲ್ದಾಣದಲ್ಲಿ ಬ್ಯಾಗಿನಲ್ಲಿ ಇಂಥದ್ದಿದ್ದ ವಿದೇಶಿ ಪ್ರವಾಸಿಗರನ್ನು ಹಿಡಿದು ನಿಲ್ಲಿಸಿದ್ದಾರೆ. ದುಬೈಯಿಂದಲೋ ಅಮೆರಿಕದಿಂದಲೋ ಬರುವ ಭಾವನಿಗೆ ಮಾಡೆಲ್ ನಂಬರನ್ನು ಅಕ್ಷರ ಸಮೇತ ಬರೆದು ಕಳಿಸಿ. ವಾರಂಟಿ ಇಲ್ಲಿ ನಡೆಯುತ್ತದೋ ಅಂತಲೂ ಕೇಳಿಸಿ.

ಹಾಗಾದರೆ ಕಷ್ಟಕ್ಕೆ ಸಿಕ್ಕಾಗ? ಸಾದಾ ಜಿಪಿಎಸ್ ಕೇಳಿಸಿಕೊಳ್ಳುತ್ತದೆ, ಬೊಬ್ಬೆ ಹೊಡೆಯುವುದಿಲ್ಲ. ನೀವು ಮುಳುಗುತ್ತಿರುವುದು ಅದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಅಂತ, ಉಪಗ್ರಹದ ಮೂಲಕ ಅಪಾಯದ ಕರೆ ಕಳಿಸುವ, ಇಸ್ರೋ ಮಾಡಿದ ಡಾಟ್ ಯಂತ್ರ ಇದೆ. ಅದರ ಹೊಸ ಮಾದರಿಯಲ್ಲಿ ‘ನಿಮ್ಮ ಕರೆ ತಲುಪಿತು’ ಅನ್ನುವ ಉತ್ತರವೂ ಬರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್. ಮೊಬೈಲ್ ಸಿಗ್ನಲ್ ಇದ್ದರೆ ಕರಾವಳಿ ರಕ್ಷಣಾ ಪಡೆಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093. ಜಾಗ ಹೇಳುವಾಗ ಜಿಪಿಎಸ್ ನೋಡಿ ಒಂದೊಂದೇ ಅಂಕಿ ಓದಿ: ಒಂದು, ಮೂರು, ಡಿಗ್ರಿ, ಎರಡು, ಒಂದು, ಪಾಯಿಂಟ್, ಐದು, ಮಿನಿಟ್. ಹೀಗೆ ಓದುವುದನ್ನು ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿ.

ತಂದ ಮೇಲೆ

ಅಂಗಡಿಯಲ್ಲಿ ನೋಡುವಾಗ ಹೊರಗೆ ಬಿಸಿಲಿಗೆ ತನ್ನಿ. ಒಳ್ಳೆಯ ಪರದೆ ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತದೆ. ಒಂದು ಬಟ್ಟಲು ನೀರು ಕೇಳಿ ಕೈ ಅದ್ದಿಕೊಂಡು ಗುಂಡಿ ಒತ್ತಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮನೆಗೆ ಬಂದು ಬಾವಿಕಟ್ಟೆಯನ್ನು ಒಂದು ಪಾಯಿಂಟ್ ಮಾಡಿ, ಮಾರನೇ ದಿನ ಊರ ಹೊರಗಿನಿಂದ ಅದನ್ನೇ ಹುಡುಕಿಕೊಂಡು ಬನ್ನಿ. ಎರಡು ದಿನ ಹೀಗೆ ಆಡಿ, ಆಮೇಲೆ ನೀರಿಗಿಳಿಯಿರಿ.

ಕಾಡಿಗೆ ಹೋಗುವಾಗ ಗಾಡಿ ನಿಲ್ಲಿಸಿದ ಜಾಗ, ದಾರಿ ಒಡೆಯುವ ಕಡೆ, ನೀರಿರುವ ತೊರೆ, ಇಷ್ಟನ್ನು ಗುರುತು ಹಾಕಿದರೆ ಸಾಕು. ಬಂದ ದಾರಿಯನ್ನು ಗೆರೆಯಾಗಿ ಬರೆದಿಡುವ ‘ಟ್ರ್ಯಾಕ್’ ಮೊದಲಿನಿಂದಲೇ ಆನ್ ಇರಲಿ. ಮಂಜು ಕವಿದಾಗ ಬಂದ ಹೆಜ್ಜೆಯಲ್ಲೇ ತಿರುಗಿ ಹೋಗಬಹುದು. ‘ಗೋ ಟು’ ಒತ್ತಿದರೆ ಅದು ಹದ್ದಿನಂತೆ ನೇರ ಗೆರೆ ಎಳೆಯುತ್ತದೆ, ನಡುವೆ ಪ್ರಪಾತ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಕಡಲಲ್ಲೂ ಹಾಗೇ, ನೇರ ಗೆರೆಯ ನಡುವೆ ಕಲ್ಲೋ ದ್ವೀಪವೋ ಇರಬಹುದು.

ಕಡಲಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ, ರಬ್ಬರ್ ಮುಚ್ಚಳಗಳನ್ನು ಮುಚ್ಚಿಯೇ. ಒರೆಸಿ ಆರಿದ ಮೇಲೆ ಸೆಲ್ಲಿನ ಬಾಗಿಲು ತೆರೆಯಿರಿ. ಒಳಗಿನ ತಗಡಿಗೆ ಹಸಿರು ಕಿಲುಬು ಹಿಡಿದಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ಯಂತ್ರವನ್ನೇ ತಿನ್ನುತ್ತದೆ. ಆಗಸ್ಟಿನಲ್ಲಿ ಹೊಸ ಸೆಲ್ ಹಾಕಿದ ಮೇಲೆ ಅಂಗಳದಲ್ಲಿ ಕಾಲು ಗಂಟೆ ಇಟ್ಟುಬಿಡಿ. ಉಪಗ್ರಹಗಳ ಪೂರಾ ಪಟ್ಟಿ ಬಂದು ಮುಗಿಯಲು 12.5 ನಿಮಿಷ ಹಿಡಿಯುತ್ತದೆ. ಮತ್ತೆ, ಹೋದ ವರ್ಷ ಅಳಿವೆ ದಾಟಿದ ಟ್ರ್ಯಾಕ್ ಇದ್ದರೆ ಅಳಿಸಿ ಹಾಕಿ. ಮಳೆಗಾಲದಲ್ಲಿ ಅಳಿವೆಯ ಮರಳು ಜಾಗ ಬದಲಿಸಿರುತ್ತದೆ. ಹಗಲಿನಲ್ಲಿ, ಭರತ ಇರುವಾಗ ಒಮ್ಮೆ ನಿಧಾನಕ್ಕೆ ಹೊರಗೆ ಹೋಗಿ ಹೊಸ ಗೆರೆ ಬರೆಸಿಕೊಳ್ಳಿ. ರಾತ್ರಿ ಬರುವಾಗ ಹಿಡಿಯಬೇಕಾದ್ದು ಆ ಗೆರೆ.